ಕಾಲೇಜು ಹಾಕಿ: ಸೆಂಟರ್ ಹಾಫ್ ಚೆನ್ನಾಗಿ ಆಡಿದನೋ ಇಲ್ಲವೋ ಅಂತ ಅಳೆಯೋದು ಹೇಗೆ?

ಪೊನ್ನಂಪೇಟೆ ಸೈಡ್‌ಲೈನ್:

ಅಂತರ ಕಾಲೇಜು ಫೈನಲ್ ಮುಗಿದಲ್ಲಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದೊಂದೇ ಜಗಳ. ತಂಡ 1-2ರಲ್ಲಿ ಸೋತಿತು. ಸೆಂಟರ್ ಹಾಫ್ ಹುಡುಗನ ಹೆಸರಿನಲ್ಲಿ ಗೋಲಿಲ್ಲ. ಎರಡನೇ ಗೋಲು ಬಿದ್ದದ್ದು ಅವನು ಕೊಟ್ಟ ಪಾಸ್ ಕಟ್ ಆಗಿ. ಅರ್ಧ ಜನ "ಅವನಿಂದಲೇ ಸೋತೆವು" ಅನ್ನುತ್ತಾರೆ. ಉಳಿದರ್ಧ "ಅವನಿಲ್ಲದಿದ್ದರೆ ಫೈನಲ್ಲಿಗೇ ಬರುತ್ತಿರಲಿಲ್ಲ" ಅನ್ನುತ್ತಾರೆ. ಸೆಮಿಫೈನಲ್ ಆದಾಗ ಇದೇ ಜನ ಅವನನ್ನು ಹೆಗಲ ಮೇಲೆ ಹೊತ್ತಿದ್ದರು.

ಫಾರ್ವರ್ಡ್ ಆದರೆ ಗೋಲು ಎಣಿಸಬಹುದು, ಕೀಪರ್ ಆದರೆ ಸೇವ್ ಎಣಿಸಬಹುದು. ಮಧ್ಯದಲ್ಲಿ ನಿಂತು ಇಡೀ ತಂಡವನ್ನು ಆಡಿಸುವವನಿಗೆ ಏನನ್ನು ಎಣಿಸೋದು? ಮ್ಯಾಚಿನ ಪೂರ್ತಿ ವಿಡಿಯೋ ನಮ್ಮ ಹತ್ತಿರ ಇದೆ. ಕ್ರಮವಾಗಿ ನೋಡಿ ತೀರ್ಮಾನಕ್ಕೆ ಬರಬೇಕು ಅಂತ ಆಸೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕಾಗದ ಪೆನ್ಸಿಲ್:

ವಿಡಿಯೋ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಬ್ಬರು ಕೂತುಕೊಳ್ಳಿ. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಒಬ್ಬರೇ ಎರಡೂ ಮಾಡಿದರೆ ತಲೆ ತಗ್ಗಿಸಿದ ಹೊತ್ತಿಗೆ ನಾಲ್ಕು ಪಾಸ್ ಆಗಿಬಿಟ್ಟಿರುತ್ತದೆ.

ಮೈದಾನದ ಉದ್ದ 91.40 ಮೀಟರ್, ಅಗಲ 55. ಎರಡೂ ತುದಿಯಿಂದ ಎಣಿಸಿದ ಎರಡು 23 ಮೀಟರ್ ಗೆರೆ ಮತ್ತು ಮಧ್ಯದ ಗೆರೆ ಸೇರಿ ಅದನ್ನು ಆಗಲೇ ನಾಲ್ಕು ಪಟ್ಟಿ ಮಾಡಿವೆ. ಕಾಗದದ ಮೇಲೂ ಅದನ್ನೇ ಎಳೆಯಿರಿ, ಅಗಲಕ್ಕೆ ಎಡ, ನಡು, ಬಲ ಅಂತ ಮೂರು ಪಾಲು ಮಾಡಿ. ಒಟ್ಟು ಹನ್ನೆರಡು ಮನೆ. ಪ್ರತಿ ಕ್ವಾರ್ಟರಿಗೆ ಬೇರೆ ಹಾಳೆ. ಅವನಿಗೆ ಚೆಂಡು ಸಿಕ್ಕ ಪ್ರತಿ ಸಲ, ಸಿಕ್ಕ ಮನೆಯಲ್ಲಿ ಒಂದು ಗುರುತು ಹಾಕಿ. ಹಿಂದಕ್ಕೋ ಪಕ್ಕಕ್ಕೋ ಸಲೀಸಾಗಿ ಕೊಟ್ಟರೆ ಚುಕ್ಕಿ. ಎದುರಾಳಿಯ ಒಂದು ಸಾಲನ್ನು ದಾಟಿ ಮುಂದೆ ನಮ್ಮವನ ಸ್ಟಿಕ್ಕಿಗೆ ಮುಟ್ಟಿಸಿದರೆ ಬಾಣ. ಚೆಂಡು ಡಿ (ಗೋಲಿನ ಎದುರಿನ ಅರ್ಧವೃತ್ತ) ಒಳಗೆ ಹೋದರೆ ಬಾಣದ ಸುತ್ತ ಸೊನ್ನೆ. ಕಳೆದುಕೊಂಡರೆ ಕತ್ತರಿ ಗುರುತು, ಪಕ್ಕದಲ್ಲಿ ವಿಡಿಯೋದ ನಿಮಿಷ.

ಶೇಕಡಾ ಲೆಕ್ಕ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಲೆಕ್ಕಕ್ಕೆ ಹೇಳುವುದಾದರೆ, ಒಬ್ಬ 40 ಪಾಸ್ ಕೊಟ್ಟು 34 ಮುಟ್ಟಿಸಿದ, ಅಂದರೆ 85%. ಆದರೆ ಅದರಲ್ಲಿ 28 ಹಿಂದಿನ ಸಾಲಿನ ಫುಲ್ ಬ್ಯಾಕಿಗೇ ವಾಪಸ್. ಇನ್ನೊಬ್ಬ 30 ಕೊಟ್ಟು 21 ಮುಟ್ಟಿಸಿದ, 70%. ಅದರಲ್ಲಿ 12 ಎದುರಾಳಿಯ ಸಾಲು ಒಡೆದವು. ನನಗೆ ಎರಡನೆಯವನೇ ಬೇಕು, ಎರಡು ಸಲ ಯೋಚಿಸುವ ಅಗತ್ಯವೇ ಇಲ್ಲ.

ಕತ್ತರಿ ಗುರುತುಗಳಿಗೂ ಒಂದೇ ಬೆಲೆ ಅಲ್ಲ. ಎದುರಾಳಿಯ 23ರ ಒಳಗೆ ಡಿಗೆ ನುಗ್ಗಿಸಲು ಹೋಗಿ ಕಳೆದುಕೊಂಡದ್ದನ್ನು ನಾನು ಹೆಚ್ಚುಕಮ್ಮಿ ಮಾಫಿ ಮಾಡುತ್ತೇನೆ, ಅಲ್ಲಿ ಸಾಹಸ ಮಾಡದಿದ್ದರೆ ಇನ್ನೆಲ್ಲಿ? ನಮ್ಮ 23ರಿಂದ ಮಧ್ಯದ ಗೆರೆವರೆಗಿನ ನಡು ಮನೆಯಲ್ಲಿ ಕಳೆದುಕೊಂಡದ್ದೇ ದುಬಾರಿ. ಆ ಹೊತ್ತಿಗೆ ನಮ್ಮ ಫುಲ್ ಬ್ಯಾಕ್‌ಗಳು ಅಗಲಕ್ಕೆ ಹರಡಿಕೊಂಡಿರುತ್ತಾರೆ, ನಡು ಸಾಲಿನ ಹಾಫ್‌ಗಳು ಮುಂದಕ್ಕೆ ಹೊರಟಿರುತ್ತಾರೆ, ಗೋಲಿನ ಎದುರು ದಾರಿ ಖಾಲಿ.

ಕೊನೆಗೆ ಎಲ್ಲವನ್ನೂ ಅವನು ಮೈದಾನದಲ್ಲಿ ಇದ್ದ ನಿಮಿಷಕ್ಕೆ ಭಾಗಿಸಿ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಬದಲಿಸಬಹುದು, ಹಾಗಾಗಿ "ಒಂದು ಮ್ಯಾಚ್" ಅನ್ನೋದು ಎಲ್ಲರಿಗೂ ಒಂದೇ ಅಳತೆ ಅಲ್ಲ. ನಾಲ್ಕು ಕ್ವಾರ್ಟರ್ ಸೇರಿ 60 ನಿಮಿಷದ ಆಟದಲ್ಲಿ 38 ನಿಮಿಷ ಆಡಿದವನನ್ನು ಪೂರ್ತಿ ಆಡಿದವನ ಪಕ್ಕದಲ್ಲಿ ಹಾಗೇ ಇಟ್ಟು ನೋಡಿದರೆ ಅನ್ಯಾಯ. ನಿಮ್ಮಲ್ಲಿ ಕ್ವಾರ್ಟರ್ 15 ನಿಮಿಷಕ್ಕಿಂತ ಕಡಿಮೆ ಇಟ್ಟಿದ್ದರೆ ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಿ.

ಬೋರ್ಡಿನ ಸದ್ದು:

ಪೆನ್ಸಿಲ್ ಅಣ್ಣ ಹೇಳಿದ್ದು ಸರಿ, ಆದರೆ ಪೆನಾಲ್ಟಿ ಕಾರ್ನರನ್ನು (ಎದುರಾಳಿ ಡಿ ಒಳಗೆ ತಪ್ಪು ಮಾಡಿದರೆ ಸಿಗುವ ಅವಕಾಶ) ಇದರಲ್ಲಿ ಬೆರೆಸಬೇಡಿ. ಅದು ಬೇರೆಯೇ ಕಸುಬು. ಗೋಲ್ ಪೋಸ್ಟಿನಿಂದ 10 ಮೀಟರ್ ದೂರದಿಂದ ಪುಶ್ ಮಾಡುವವನು ಒಬ್ಬ, ಡಿ ಹೊರಗೆ ನಿಲ್ಲಿಸುವವನು ಒಬ್ಬ, ಹೊಡೆಯುವವನು ಒಬ್ಬ. ಹಿಟ್ ಆದರೆ ಮೊದಲ ಹೊಡೆತ ಗೋಲಿನೊಳಗಿನ 460 ಮಿಲಿಮೀಟರ್ ಎತ್ತರದ ಬೋರ್ಡಿಗಿಂತ ಮೇಲೆ ಗೋಲಿನ ಗೆರೆ ದಾಟುವ ಹಾಗಿಲ್ಲ, ಸ್ಟಿಕ್ಕಿನಲ್ಲಿ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್ಕಿಗೆ ಆ ಕಟ್ಟು ಇಲ್ಲ. ಫ್ಲಿಕ್ಕರ್ ಇರುವ ತಂಡಕ್ಕೆ ಗೋಲು ಹೆಚ್ಚು, ಇಲ್ಲದ ತಂಡಕ್ಕೆ ಕಡಿಮೆ. ಅದಕ್ಕೂ ಸೆಂಟರ್ ಹಾಫ್ ಚೆನ್ನಾಗಿ ಆಡಿಸಿದನಾ ಅನ್ನುವುದಕ್ಕೂ ಸಂಬಂಧ ಇಲ್ಲ.

ಅವನ ಪಾಸಿನಿಂದ ಡಿ ಒಳಗೆ ಎದುರಾಳಿಯ ಕಾಲಿಗೆ ಚೆಂಡು ತಗುಲಿ ಕಾರ್ನರ್ ಸಿಕ್ಕಿತಾ? ಆ ಕಾರ್ನರ್ ಅವನ ಖಾತೆಗೆ. ಗೋಲು ಆಯಿತೋ ಬಿಟ್ಟಿತೋ, ಅದು ಹೊಡೆದವರ ಖಾತೆಗೆ. ಇದೊಂದು ಬೇರ್ಪಡಿಸಿದರೆ ನಿಮ್ಮ ಅರ್ಧ ಜಗಳ ತೀರುತ್ತದೆ.

ರಿವರ್ಸ್ ಸ್ಟಿಕ್:

ಎಣಿಕೆಯ ಬಗ್ಗೆ ನನಗೆ ತಕರಾರಿದೆ. ಇಡೀ ಮ್ಯಾಚಿನಲ್ಲಿ ಒಬ್ಬ ಆಟಗಾರನ ಸ್ಟಿಕ್ಕಿನಲ್ಲಿ ಚೆಂಡು ಇರುವುದು ಕೆಲವೇ ನಿಮಿಷ. ಮಿಕ್ಕ ಹೊತ್ತು ಅವನು ಎಲ್ಲಿ ನಿಂತಿದ್ದ, ಯಾವ ದಾರಿ ಮುಚ್ಚಿದ್ದ ಅನ್ನೋದು ನಿಮ್ಮ ಹಾಳೆಗೆ ಬರುವುದೇ ಇಲ್ಲ. ಎದುರಾಳಿಯ ಇನ್‌ಸೈಡ್ ಫಾರ್ವರ್ಡಿಗೆ (ನಡುವಿಗೆ ಹತ್ತಿರ ಆಡುವ ಫಾರ್ವರ್ಡ್) ನಡುವಿನಲ್ಲಿ ಪಾಸ್ ಕೊಡಲು ಆಗದೆ ಅವರು ಸುತ್ತಿ ಬಳಸಿ ಅಂಚಿಗೆ ಹೋದರು ಅಂದರೆ, ಅಲ್ಲಿ ನಿಂತವನ ಕೆಲಸ ಅದು. ಗುರುತು ಹಾಕಲು ಏನೂ ನಡೆದಿರುವುದಿಲ್ಲ, ಆದರೆ ಮ್ಯಾಚ್ ಅಲ್ಲೇ ಉಳಿದಿರುತ್ತದೆ.

ಅದಕ್ಕೇ ಮೊದಲು ಚೆಂಡನ್ನು ಬಿಟ್ಟು ಬರೀ ಅವನನ್ನೇ ಒಂದು ಕ್ವಾರ್ಟರ್ ನೋಡಿ. ನಾನು ನೋಡುವುದು ಇಷ್ಟು. ಚೆಂಡು ಬರುವ ಮೊದಲು ತಲೆ ತಿರುಗಿಸಿ ಎರಡೂ ಭುಜದ ಹಿಂದೆ ನೋಡಿದನಾ? ತೆಗೆದುಕೊಳ್ಳುವಾಗ ಪೂರ್ತಿ ನಮ್ಮ ಗೋಲಿನ ಕಡೆ ಮುಖ ಮಾಡಿ ನಿಂತಿದ್ದನಾ, ಇಲ್ಲ ಪಕ್ಕಕ್ಕೆ ತಿರುಗಿ ಎರಡೂ ಗೋಲು ಕಾಣುವ ಹಾಗೆ ನಿಂತಿದ್ದನಾ? ಹಾಗೆ ಓರೆಯಾಗಿ ತೆಗೆದುಕೊಂಡವನಿಗೆ ಮುಂದಿನ ಪಾಸ್ ಆಗಲೇ ಗೊತ್ತಿರುತ್ತದೆ. ಗೋಲಿಗೆ ಮುಖ ಕೊಟ್ಟವನು ಟ್ರ್ಯಾಪ್ ಮಾಡಿ (ಚೆಂಡು ನಿಲ್ಲಿಸಿ), ತಿರುಗಿ, ಆಮೇಲೆ ಹುಡುಕಬೇಕು. ಅಷ್ಟರಲ್ಲಿ ಟ್ಯಾಕಲ್ ಬಂದಿರುತ್ತದೆ.

ಮೂರನೆಯದು ಬಹಳ ಮುಖ್ಯ, ಬಲಕ್ಕೆ ಕೊಡುವ ಪಾಸ್. ಹಾಕಿಯಲ್ಲಿ ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ, ಎಲ್ಲರದ್ದೂ ಒಂದೇ ಚಪ್ಪಟೆ ಮುಖ. ಚೆಂಡು ದೇಹದ ಬಲ ಮುಂಭಾಗದಲ್ಲಿ ಇರುವುದರಿಂದ ಎಡಕ್ಕೆ ತಳ್ಳುವುದು ಸುಲಭ, ಮಣಿಕಟ್ಟು ಸಾಕು. ಬಲಕ್ಕೆ ಕೊಡಬೇಕಾದರೆ ಕಾಲು ಚೆಂಡಿನ ಸುತ್ತ ಬರಬೇಕು, ಸೊಂಟ ತಿರುಗಬೇಕು. ಸೋಮಾರಿ ಹಾಫ್ ಇಡೀ ದಿನ ಎಡಕ್ಕೇ ಕೊಡುತ್ತಾನೆ, ಚೂಟಿಯಾದ ಎದುರಾಳಿ ಹತ್ತು ನಿಮಿಷದಲ್ಲಿ ಅದನ್ನು ಕಂಡುಹಿಡಿಯುತ್ತಾನೆ. ಒಳ್ಳೆಯ ಸೆಂಟರ್ ಹಾಫ್ ಎರಡೂ ಕಡೆ ಕೊಡುತ್ತಾನೆ. ಅದಕ್ಕಿಂತ ಒಳ್ಳೆಯವನು ಎಡಕ್ಕೆ ಕೊಡುವ ಹಾಗೆ ಭುಜ ತೋರಿಸಿ ಬಲಕ್ಕೆ ಕೊಡುತ್ತಾನೆ.

ಪೊನ್ನಂಪೇಟೆ ಸೈಡ್‌ಲೈನ್:

ಮೂವರಿಗೂ ಧನ್ಯವಾದ. ಎರಡನೇ ಗೋಲಿನ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಹೇಗಾಯಿತು ಅಂತ ಬರೆಯುತ್ತೇನೆ, ತಪ್ಪು ಯಾರದ್ದು ಹೇಳಿ.

ಮೂರನೇ ಕ್ವಾರ್ಟರಿನ ಕೊನೆ, 1-1. ನಮ್ಮ ಬಲ ಫುಲ್ ಬ್ಯಾಕ್ ಸೆಂಟರ್ ಹಾಫಿಗೆ ಮೆಲ್ಲಗೆ ಪುಶ್ ಕೊಟ್ಟ. ಚೆಂಡು ಸಿಕ್ಕಿದ್ದು ಮಧ್ಯದ ಗೆರೆಗಿಂತ ನಮ್ಮ ಕಡೆ ಐದಾರು ಮೀಟರ್ ಒಳಗೆ. ಇವನು ನಮ್ಮ ಗೋಲಿನ ಕಡೆ ಮುಖ ಮಾಡಿ ನಿಂತಿದ್ದ. ಟ್ರ್ಯಾಪ್ ಮಾಡಿ ತಿರುಗಿದಾಗ ಅವರ ಒಬ್ಬ ಎದುರಿಗೆ ಬಂದಿದ್ದ. ಎಡ ಹಾಫಿಗೆ ಸ್ಲ್ಯಾಪ್ ಹೊಡೆತದಲ್ಲಿ ಪಾಸ್ ಕೊಟ್ಟ. ಎಡ ಹಾಫ್ ಆಗಲೇ ಮಧ್ಯದ ಗೆರೆ ದಾಟಿ ಓಡುತ್ತಿದ್ದ, ಚೆಂಡು ಅವನ ಹಿಂದೆ ಹೋಯಿತು. ಅವರ ಬಲ ಇನ್‌ಸೈಡ್ ಎತ್ತಿಕೊಂಡ. ಆಮೇಲೆ ನಮ್ಮ ಇಬ್ಬರ ಮೇಲೆ ಅವರು ಮೂವರು. ಗೋಲು.

ನಮ್ಮ ಬಲ ಹಾಫ್ ಆ ಹೊತ್ತಿನಲ್ಲಿ ಅಂಚಿನಲ್ಲಿ ಖಾಲಿ ನಿಂತು ಸ್ಟಿಕ್ ಎತ್ತಿ ಕೂಗುತ್ತಿದ್ದ, ವಿಡಿಯೋದಲ್ಲಿ ಕಾಣುತ್ತದೆ.

ರಿವರ್ಸ್ ಸ್ಟಿಕ್:

ಇಷ್ಟು ವಿವರ ಸಿಕ್ಕರೆ ಮಾತಾಡಬಹುದು. ಒಂದು ಚೆಂಡು ಹೋಯಿತು ಅಂದರೆ ಮೂರು ಕಡೆ ನೋಡಬೇಕು: ಆಯ್ಕೆ ಸರಿಯಿತ್ತಾ, ಹೊಡೆತ ಸರಿಯಿತ್ತಾ, ತೆಗೆದುಕೊಳ್ಳುವವನು ಸರಿಯಾದ ಜಾಗದಲ್ಲಿದ್ದನಾ.

ಆಯ್ಕೆ ತಪ್ಪು. ಎಡದ ದಾರಿಯನ್ನು ಅವರು ಬೇಕಂತಲೇ ತೆರೆದು ಇಟ್ಟಿದ್ದ ಹಾಗೆ ಕಾಣುತ್ತದೆ, ಇಲ್ಲದಿದ್ದರೆ ಅವರ ಬಲ ಇನ್‌ಸೈಡ್ ಅಷ್ಟು ಬೇಗ ಅಲ್ಲಿರುವುದು ಸಾಧ್ಯವಿಲ್ಲ. ಬಲ ಹಾಫ್ ಖಾಲಿ ಇದ್ದ, ಇವನು ನೋಡಲಿಲ್ಲ, ಯಾಕೆಂದರೆ ಗೋಲಿಗೆ ಮುಖ ಕೊಟ್ಟು ತೆಗೆದುಕೊಂಡಿದ್ದ. ಹೊಡೆತದ ಬಗ್ಗೆ ದೂರಿಲ್ಲ, ಎಡ ಹಾಫ್ ನಿಲ್ಲಬೇಕಾದ ಜಾಗಕ್ಕೇ ಹೋಗಿದೆ. ಎಡ ಹಾಫಿನ ಪಾಲು ಇದೆ: ಚೆಂಡು ಇನ್ನೂ ನಮ್ಮ ಅರ್ಧದಲ್ಲಿ, ಎದುರಾಳಿ ಒತ್ತುತ್ತಿರುವಾಗ ಕೂಗು ಹಾಕದೆ ಮುಂದೆ ಓಡುವುದು ದೊಡ್ಡ ತಪ್ಪು.

ಇನ್ನೊಬ್ಬನನ್ನು ಎಲ್ಲರೂ ಮರೆಯುತ್ತಾರೆ, ಬಲ ಫುಲ್ ಬ್ಯಾಕ್. ಅವನ ಪುಶ್ ಎಷ್ಟು ಮೆಲ್ಲಗೆ ಬಂತು ನೋಡಿ. ಚೆಂಡು ಉರುಳಿ ಬರುವಷ್ಟರಲ್ಲಿ ಎದುರಾಳಿ ನಾಲ್ಕು ಹೆಜ್ಜೆ ಹತ್ತಿರ ಬಂದಿರುತ್ತಾನೆ. ಗಟ್ಟಿ ಪುಶ್ ಆಗಿದ್ದರೆ ಇವನಿಗೆ ತಿರುಗಿ ನೋಡಲು ಹೊತ್ತು ಸಿಗುತ್ತಿತ್ತು.

ಈ ಗೋಲಿನಲ್ಲಿ ಸೆಂಟರ್ ಹಾಫಿನ ಪಾಲು ಅರ್ಧ, ಅಷ್ಟೇ. ಆದರೆ ಒಂದು ಕೆಲಸ ಮಾಡಿ. ಮೊದಲ ಎರಡು ಕ್ವಾರ್ಟರಿನಲ್ಲಿ ಅವನು ಬಲಕ್ಕೆ ಕೊಟ್ಟ ಪಾಸ್‌ಗಳನ್ನೂ ಮೂರನೆಯದರಲ್ಲಿ ಕೊಟ್ಟದ್ದನ್ನೂ ಬೇರೆ ಬೇರೆ ನೋಡಿ ಹೇಳಿ.

ಮಣ್ಣಿನ ಮೈದಾನ:

ನಡುವೆ ಒಂದು ಮಾತು. ಆಡಿದ್ದು ಟರ್ಫ್ ಮೇಲಾ ಮಣ್ಣಿನ ಮೇಲಾ? ಮಣ್ಣಿನಲ್ಲಾದರೆ ಪುಶ್ ಮೆಲ್ಲಗೆ ಬಂತು ಅಂತ ಫುಲ್ ಬ್ಯಾಕನ್ನು ಬೈಯುವ ಹಾಗಿಲ್ಲ. ನಮ್ಮ ಕಡೆ ಮಳೆ ಬಿದ್ದ ನೆಲದಲ್ಲಿ ಚೆಂಡು ಅರ್ಧ ದಾರಿಯಲ್ಲೇ ಕೂತುಬಿಡುತ್ತದೆ, ಒಣಗಿದ ನೆಲದಲ್ಲಿ ಕಲ್ಲಿಗೆ ಬಡಿದು ಮೊಣಕಾಲಿಗೆ ಏಳುತ್ತದೆ. ಮಣ್ಣಿನಲ್ಲಿ ಟ್ರ್ಯಾಪ್ ಮಾಡುವವನು ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ಅಡ್ಡಗೋಡೆ ಹಾಕಬೇಕಾಗುತ್ತದೆ, ಕಣ್ಣು ಕೊನೆಯವರೆಗೂ ಚೆಂಡಿನ ಮೇಲೆ ಇರಬೇಕು. ಭುಜದ ಹಿಂದೆ ನೋಡಲು ಪುರುಸೊತ್ತೆಲ್ಲಿ? ಟರ್ಫ್ ಮೇಲೆ ಕಲಿತವನು ಮಣ್ಣಿಗೆ ಬಂದ ದಿನ ಎರಡು ಮೂರು ಟ್ರ್ಯಾಪ್ ತಪ್ಪಿಸಿಯೇ ತಪ್ಪಿಸುತ್ತಾನೆ. ಹಾಳೆಯ ಮೇಲ್ಗಡೆ ನೆಲ ಯಾವುದು, ಒದ್ದೆಯಾ ಒಣಗಿತ್ತಾ ಅಂತ ಬರೆಯದೆ ಒಂದು ಮ್ಯಾಚನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಪೊನ್ನಂಪೇಟೆ ಸೈಡ್‌ಲೈನ್:

ಟರ್ಫ್ ಮೇಲೆ, ಸರ್. ನೀರು ಹಾಕಿದ್ದರು. ಸೆಮಿಫೈನಲ್ ಮಾತ್ರ ಮಣ್ಣಿನಲ್ಲಿ ಆಗಿತ್ತು.

ಮಣ್ಣಿನ ಮೈದಾನ:

ಹಾಗಾದರೆ ಸೆಮಿಯಲ್ಲಿ ಹೆಗಲ ಮೇಲೆ ಹೊತ್ತದ್ದನ್ನೂ ಒಮ್ಮೆ ಪರೀಕ್ಷೆ ಮಾಡಿ. ಮಣ್ಣಿನಲ್ಲಿ ಎದುರಾಳಿಯೂ ಟ್ರ್ಯಾಪ್ ತಪ್ಪಿಸುತ್ತಾನೆ. ಅವರ ತಪ್ಪಿನಿಂದ ಸಿಕ್ಕ ಚೆಂಡು ಎಷ್ಟು, ಇವನು ಕಸಿದುಕೊಂಡದ್ದೆಷ್ಟು, ಬೇರೆ ಬೇರೆ ಬರೆಯಿರಿ. ಎದುರಾಳಿಯ ಮಟ್ಟವೂ ಮುಖ್ಯ. ಕ್ರೀಡಾ ಹಾಸ್ಟೆಲಿನ ಹುಡುಗರು ತುಂಬಿದ ತಂಡದ ಎದುರು ಹತ್ತು ಬಾಣ ಗುರುತು ಬೇರೆ, ಟೂರ್ನಿಗೋಸ್ಕರ ಹದಿನೈದು ದಿನ ಮೊದಲು ಸೇರಿಸಿದ ತಂಡದ ಎದುರು ಹತ್ತು ಬಾಣ ಬೇರೆ.

ನಾಲ್ನಾಡ್ ಗ್ಯಾಲರಿ:

ನನಗನ್ನಿಸುವುದು, ನಮ್ಮ ಕಣ್ಣು ಪಳಗಿರುವುದೇ ಬೇರೆ ತರಹ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕೊಡಗಿನ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಕಪ್ ಹೊತ್ತಿಗೆ 360 ತಂಡಕ್ಕೆ ಬೆಳೆಯಿತು. ಅಲ್ಲಿ ಸೋತವರು ಮನೆಗೆ. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗಳು, ರಾಷ್ಟ್ರೀಯ ತಂಡಕ್ಕೆ ಆಡಿದವರು ಎಲ್ಲ ಇರುತ್ತಾರೆ. ಗ್ಯಾಲರಿಯಲ್ಲಿ ಕೂತವರಿಗೆ ಆ ಮ್ಯಾಚ್ ಗೆದ್ದರೆ ಸಾಕು, ಗೋಲು ಹೊಡೆದವನೇ ಹೀರೋ. ಅದು ಹಬ್ಬ, ಅಲ್ಲಿಗೆ ಅದೇ ಸರಿ. ಆ ಅಳತೆಯನ್ನು ಕಾಲೇಜು ಲೀಗಿಗೆ ತಂದರೆ ಸೆಂಟರ್ ಹಾಫ್ ಯಾವತ್ತೂ ಪಾಸಾಗುವುದಿಲ್ಲ.

ಕೊಡಗಿನಿಂದ ಭಾರತ ತಂಡಕ್ಕೆ ಹೋದವರನ್ನೇ ನೋಡಿ. ರಘುನಾಥ್ ಅಂದರೆ ಡ್ರ್ಯಾಗ್ ಫ್ಲಿಕ್, ಸುನಿಲ್ ಅಂದರೆ ಬಲ ಅಂಚಿನ ಓಟ. ಎಲ್ಲರ ಬಾಯಲ್ಲೂ ಅದು ಇದೆ. ಎಸ್.ಕೆ. ಉತ್ತಪ್ಪ ಎರಡು ಒಲಿಂಪಿಕ್ಸ್ ಆಡಿದರು, 2012 ಮತ್ತು 2016. ಮಿಡ್‌ಫೀಲ್ಡಿನಲ್ಲಿ ಅವರು ಏನು ಮಾಡುತ್ತಿದ್ದರು ಅಂತ ಕೇಳಿದರೆ ನಮ್ಮೂರಿನಲ್ಲೇ ಹತ್ತು ಜನ ಬಿಡಿಸಿ ಹೇಳಲಾರರು. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ, 1988ರಲ್ಲಿ ಸೋಲ್‌ನಲ್ಲಿ ನಾಯಕರಾಗಿದ್ದ ಎಂ.ಎಂ. ಸೋಮಯ್ಯನವರೂ ಹಾಫ್ ಸಾಲಿನವರೇ. ಗೋಲಿನ ಲೆಕ್ಕದಲ್ಲಿ ಅವರನ್ನು ಅಳೆಯುವವರು ಯಾರಿದ್ದಾರೆ?

ಹಾಗಾಗಿ ಒಂದು ಮ್ಯಾಚಿನ ಮೇಲೆ ಹುಡುಗನ ಹಣೆಬರಹ ಬರೆಯಬೇಡಿ. ಕಡಿಮೆ ಅಂದರೂ ನಾಲ್ಕೈದು ಮ್ಯಾಚಿನ ಹಾಳೆ ಪಕ್ಕ ಪಕ್ಕ ಇಟ್ಟ ಮೇಲೆ ಮಾತಾಡಿ.

ಪೊನ್ನಂಪೇಟೆ ಸೈಡ್‌ಲೈನ್:

ರಿವರ್ಸ್ ಸ್ಟಿಕ್ ಅಣ್ಣ ಕೇಳಿದ ಹಾಗೆ ಮೂರು ಕ್ವಾರ್ಟರ್ ನೋಡಿ ಮುಗಿಸಿದೆವು. ನೀವು ಕೇಳಿದ್ದು ಯಾಕೆ ಅಂತ ಈಗ ಅರ್ಥವಾಯಿತು. ಮೊದಲ ಎರಡರಲ್ಲಿ ಎಡಕ್ಕೂ ಬಲಕ್ಕೂ ಹೆಚ್ಚುಕಮ್ಮಿ ಸಮ ಸಮ. ನಮ್ಮ ಒಂದು ಗೋಲು ಬಂದದ್ದೂ ಬಲಕ್ಕೆ ಕೊಟ್ಟ ಪಾಸಿನಿಂದಲೇ: ಇವನು ಬಲ ಹಾಫಿಗೆ, ಅವನು ವಿಂಗರಿಗೆ, ಅಲ್ಲಿಂದ ಡಿ ಒಳಗೆ. ಗೋಲು ಹೊಡೆದವನಿಗಿಂತ ಮೂರು ಪಾಸ್ ಹಿಂದೆ ಇದ್ದ ಕಾರಣ ಯಾರೂ ಇವನ ಹೆಸರು ಹೇಳಲಿಲ್ಲ. ಮೂರನೇ ಕ್ವಾರ್ಟರಿನಲ್ಲಿ ಬಲಕ್ಕೆ ಕೊಟ್ಟದ್ದು ಒಂದೇ ಒಂದು. ಉಳಿದದ್ದೆಲ್ಲ ಎಡಕ್ಕೆ, ಇಲ್ಲ ಹಿಂದಕ್ಕೆ.

ರಿವರ್ಸ್ ಸ್ಟಿಕ್:

ಅವನನ್ನು ಮ್ಯಾಚಿನಲ್ಲಿ ಎಷ್ಟು ಸಲ ಹೊರಗೆ ಕರೆದರು?

ಪೊನ್ನಂಪೇಟೆ ಸೈಡ್‌ಲೈನ್:

ಒಂದು ಸಲವೂ ಇಲ್ಲ. ಬೆಂಚಿನಲ್ಲಿ ಇನ್ನೊಬ್ಬ ಸೆಂಟರ್ ಹಾಫ್ ಇರಲಿಲ್ಲ.

ರಿವರ್ಸ್ ಸ್ಟಿಕ್:

ಅಲ್ಲಿಗೆ ವಿಷಯ ಸ್ಪಷ್ಟ. ದಣಿದವನಿಗೆ ಮೊದಲು ಕೈಕೊಡುವುದು ಕಾಲು. ಚೆಂಡಿನ ಸುತ್ತ ಕಾಲು ತರಲು ಆಗದಿದ್ದರೆ ಬಲದ ಪಾಸ್ ಮಾಯವಾಗುತ್ತದೆ. ಓರೆಯಾಗಿ ನಿಂತು ತೆಗೆದುಕೊಳ್ಳಬೇಕಾದರೆ ಚೆಂಡು ಬರುವ ಮೊದಲು ಎರಡು ಹೆಜ್ಜೆ ಹಾಕಿ ಜಾಗ ಮಾಡಿಕೊಳ್ಳಬೇಕು, ಅದೂ ನಿಂತುಹೋಗುತ್ತದೆ. ನೋಡುವವರಿಗೆ ಅವನು ಇನ್ನೂ ಓಡುತ್ತಿರುವ ಹಾಗೇ ಕಾಣುತ್ತಾನೆ, ಯಾಕೆಂದರೆ ನೇರ ಓಟ ಕೊನೆಯವರೆಗೂ ಉಳಿಯುತ್ತದೆ. ಹೋಗುವುದು ಸಣ್ಣ ಸಣ್ಣ ಹೆಜ್ಜೆಗಳು. ಎದುರಾಳಿಯ ಕೋಚ್ ಇದನ್ನು ನೋಡಿಯೇ ಎಡದ ದಾರಿಗೆ ಬಲೆ ಹಾಕಿರಬೇಕು.

ಆ ಹುಡುಗ ಎರಡು ಕ್ವಾರ್ಟರ್ ತುಂಬ ಒಳ್ಳೆಯ ಸೆಂಟರ್ ಹಾಫ್. ಮೂರನೆಯದರಲ್ಲಿ ಅವನನ್ನು ಅಲ್ಲಿ ಬಿಟ್ಟದ್ದು ಬೆಂಚಿನ ತೀರ್ಮಾನ, ಸೋಲಿನಲ್ಲಿ ಅದರ ಪಾಲು ದೊಡ್ಡದು. ಬದಲಿಗೆ ಸೆಂಟರ್ ಹಾಫ್ ಇಲ್ಲದಿದ್ದರೆ ಬಲ ಹಾಫನ್ನು ನಡುವಿಗೆ ತಂದು, ಬಲಕ್ಕೆ ಬೇರೆ ಯಾರನ್ನಾದರೂ ಹಾಕಿ, ಪ್ರತಿ ಕ್ವಾರ್ಟರಿನಲ್ಲಿ ಮೂರು ನಿಮಿಷ ಇವನನ್ನು ಕೂರಿಸಬಹುದಿತ್ತು.

ಕಾಗದ ಪೆನ್ಸಿಲ್:

ರಿವರ್ಸ್ ಸ್ಟಿಕ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ಹಾಳೆಗೆ ಎರಡು ಅಂಕಣ ಸೇರಿಸುತ್ತೇನೆ, ಎಡ ಪಾಸ್ ಮತ್ತು ಬಲ ಪಾಸ್. ಬರೀ ಕತ್ತರಿ ಗುರುತು ನೋಡಿದ್ದರೆ ಮೂರನೇ ಕ್ವಾರ್ಟರ್ ಕೆಟ್ಟದು ಅಂತ ಗೊತ್ತಾಗುತ್ತಿತ್ತು, ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ. ಆದರೆ ಎಡ ಬಲ ಬೇರ್ಪಡಿಸಿ ಎಣಿಸದಿದ್ದರೆ ನಿಮ್ಮ ಕಣ್ಣಿಗೂ ಆ ವ್ಯತ್ಯಾಸ ಸಿಗುತ್ತಿರಲಿಲ್ಲ, ಅದನ್ನೂ ನೀವು ಒಪ್ಪಬೇಕು.

ಬೋರ್ಡಿನ ಸದ್ದು:

ಇನ್ನೊಂದು. ಎದುರಾಳಿಯ 23ರ ಒಳಗೆ ನಮಗೆ ಸಿಕ್ಕ ಫ್ರೀ ಹಿಟ್‌ಗಳನ್ನು ಅವನು ತೆಗೆದುಕೊಂಡಿದ್ದರೆ ಬೇರೆ ಬರೆಯಿರಿ. ಅಲ್ಲಿ ನೇರ ಡಿಗೆ ಹೊಡೆಯುವ ಹಾಗಿಲ್ಲ, ಚೆಂಡು 5 ಮೀಟರ್ ಸಾಗಬೇಕು, ಇಲ್ಲವೇ ಎದುರಾಳಿಗೆ ತಗುಲಬೇಕು. ಸೆಲ್ಫ್ ಪಾಸ್ (ತನಗೆ ತಾನೇ ಚೆಂಡು ತಳ್ಳಿಕೊಂಡು ಆಡುವುದು) ತೆಗೆದುಕೊಂಡು ಡಿ ಅಂಚಿನಲ್ಲೇ ಸುತ್ತಾಡಿ ಕಳೆದುಕೊಳ್ಳುವ ಚಾಳಿ ಕಾಲೇಜು ಹುಡುಗರಲ್ಲಿ ಬಹಳ. ಬೇಗ ತೆಗೆದುಕೊಂಡನಾ, ಎದುರಾಳಿ ಸಾಲು ಕಟ್ಟುವವರೆಗೆ ಕಾದನಾ ಅಂತ ನೋಡಿ. ಸೀಟಿ ಊದಿ ಮೂರು ಸೆಕೆಂಡಿನೊಳಗೆ ಚೆಂಡು ಹೊರಟರೆ ಅದು ಚುರುಕಾದ ತಲೆ.

ಪೊನ್ನಂಪೇಟೆ ಸೈಡ್‌ಲೈನ್:

ಖಂಡಿತ ಬರೆಯುತ್ತೇವೆ. ಕೊನೆಯ ಪ್ರಶ್ನೆ: ಮುಂದಿನ ಟೂರ್ನಿಗೆ ವಿಡಿಯೋ ಹೇಗೆ ತೆಗೆಯಬೇಕು? ಈಗಿನದ್ದು ಸೈಡ್‌ಲೈನ್ ಹತ್ತಿರ ನಿಂತು ಮೊಬೈಲಿನಲ್ಲಿ ತೆಗೆದದ್ದು. ಅರ್ಧ ಹೊತ್ತು ಆಟಗಾರರ ಬೆನ್ನೇ ಕಾಣುತ್ತದೆ.

ಕಾಗದ ಪೆನ್ಸಿಲ್:

ಮಧ್ಯದ ಗೆರೆಯ ನೇರಕ್ಕೆ, ಆದಷ್ಟು ಎತ್ತರದಲ್ಲಿ. ಗ್ಯಾಲರಿಯ ಮೇಲಿನ ಮೆಟ್ಟಿಲು ಇದ್ದರೆ ಸಾಕು, ಇಲ್ಲದಿದ್ದರೆ ಜೀಪಿನ ಮೇಲೆ ಟ್ರೈಪಾಡ್ ಇಡಿ. ಮೊಬೈಲನ್ನು ಅಡ್ಡ ಹಿಡಿಯಿರಿ. ಚೆಂಡಿನ ಹಿಂದೆ ಝೂಮ್ ಮಾಡುತ್ತಾ ಹೋಗಬೇಡಿ, ಎಲ್ಲರೂ ಮಾಡುವ ತಪ್ಪು ಅದೇ. ಝೂಮ್ ಮಾಡಿದರೆ ಚೆಂಡು ಚೆನ್ನಾಗಿ ಕಾಣುತ್ತದೆ, ಖಾಲಿ ನಿಂತ ಬಲ ಹಾಫ್ ಕಾಣುವುದಿಲ್ಲ. ಚೆಂಡು ಇರುವ ಅರ್ಧ ಮೈದಾನ ಪೂರ್ತಿ ಚೌಕಟ್ಟಿನಲ್ಲಿ ಇರಲಿ, ಮೆಲ್ಲಗೆ ತಿರುಗಿಸಿ. ಸಂಜೆ ಮ್ಯಾಚ್ ಆದರೆ ಸೂರ್ಯನಿಗೆ ಬೆನ್ನು ಹಾಕುವ ಕಡೆ ನಿಲ್ಲಿ, ಅಂದರೆ ಪಶ್ಚಿಮದ ಅಂಚು. ಕ್ವಾರ್ಟರ್ ಮುಗಿದಾಗಲೆಲ್ಲ ರೆಕಾರ್ಡಿಂಗ್ ನಿಲ್ಲಿಸಿ ಹೊಸದಾಗಿ ಶುರು ಮಾಡಿ, ನಾಲ್ಕು ಫೈಲ್ ಆದರೆ ಹುಡುಕಲು ಸುಲಭ, ಒಂದು ಕೆಟ್ಟರೂ ಮೂರು ಉಳಿಯುತ್ತವೆ. ಪವರ್ ಬ್ಯಾಂಕ್ ಮರೆಯಬೇಡಿ. ಪೆನಾಲ್ಟಿ ಶೂಟೌಟಿಗೆ ಹೋದರೆ ಮಾತ್ರ ಕೆಳಗಿಳಿದು ಗೋಲಿನ ಹಿಂದಿನ ಮೂಲೆಗೆ ಹೋಗಿ, ಕೀಪರ್ ಎಷ್ಟು ಮುಂದೆ ಬಂದ, ಹುಡುಗ ತನಗೆ ಸಿಗುವ 8 ಸೆಕೆಂಡನ್ನು ಹೇಗೆ ಬಳಸಿದ ಅನ್ನೋದು ಅಲ್ಲಿಂದಲೇ ಸರಿಯಾಗಿ ಕಾಣುವುದು.